ಅಗರು ಜಾಡಿಯ ಹರಿದ ಮುದ್ರೆ

ಜಾಡಿಯ ಮುದ್ರೆ ಹರಿದದ್ದನ್ನು ಮೊದಲು ಕಂಡವಳು ಅಜ್ಲಿನ್. ಸಿಂಗಪುರದ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯದಲ್ಲಿ ಸಾಕ್ಷ್ಯದ ವಸ್ತುಗಳನ್ನು ಕಾಯುವುದು ಅವಳ ಕೆಲಸ. ಕಪಾಟಿಗೆ ಬೀಗ ಹಾಕದೆ ಟೋಸ್ಟ್ ತಿನ್ನಲು ಓಡಿದವಳೂ ಅವಳೇ!

ಜಾಡಿಯಲ್ಲಿದ್ದದ್ದು ಇಂಡೋನೇಷ್ಯಾದ ಸಮರಿಂದಾ ಊರಿನ ಹಾಜಿ ಬಸ್ರಾನ್ ಮಾರಿದ್ದ, ಸುಟ್ಟರೆ ಪರಿಮಳ ಬೀರುವ ಅಗರು ಮರದ ಚಕ್ಕೆಯ ಮಾದರಿ. ಕೊಂಡ ಶಾರ್ಜಾದ ಖಲ್ಫಾನ್, ಅದು ಎಣ್ಣೆ ತುಂಬಿದ ಕಳಪೆ ಮಾಲು ಎಂದು ದಾವೆ ಹೂಡಿದ್ದ. ಕಪಾಟಿದ್ದ ಕೋಣೆಯಲ್ಲಿ ಅವರಿಬ್ಬರು, ಜೊತೆಗೆ ಹಾಜಿಯ ಸೋದರಳಿಯ ರಿಫ್ಕಿ, ವಿಚಾರಣೆಗೆ ಕರೆ ಬರುವುದನ್ನೇ ಕಾಯುತ್ತಿದ್ದರು. ಅಜ್ಲಿನ್ ಇಲ್ಲದಾಗ ಮೂವರೂ ಒಂದಷ್ಟು ಹೊತ್ತು ಒಬ್ಬೊಬ್ಬರೇ ಆ ಕೋಣೆಯಲ್ಲಿದ್ದರಂತೆ. ಮುದ್ರೆ ಹರಿದದ್ದು ತಿಳಿದ ಮೇಲೆ ಯಾರೂ ಕದಲಿರಲಿಲ್ಲ.

"ಇನ್ಯಾರು ಮಾಡ್ತಾರೆ? ಮಾರಿದವನೇ!" ಎಂದು ಖಲ್ಫಾನ್ ಕೂಗಿದ.

ತನ್ನ ತಪ್ಪು ಮುಚ್ಚಿಹೋದರೆ ಸಾಕಾಗಿದ್ದ ಅಜ್ಲಿನ್ ಅದಕ್ಕೇ ದನಿಗೂಡಿಸಿದಳು. "ಹಾಜಿಯವರೇ, ಈ ವಯಸ್ಸಲ್ಲಿ ಇಂಥ ಕಳ್ಳತನವಾ? ಮಾನ ಮರ್ಯಾದೆ ಬೇಡ್ವಾ?"



ಆಗ ಬಂದರು ಕ್ವೆಕ್ ಮೇಡಂ. ನಿವೃತ್ತ ರಿಜಿಸ್ಟ್ರಾರ್ ಆದರೂ ನ್ಯಾಯಾಲಯದ ಯಾವ ಗೋಜಲಿಗೂ ಇವರೇ ಬೇಕು. ಅವರು ಜಾಡಿಯಿಂದ ಒಂದು ಚಕ್ಕೆ ತೆಗೆದು ಅದರ ಅಂಚಿಗೆ ಲೈಟರ್ ಹಿಡಿದರು. ಕೋಣೆಯ ತುಂಬ ಸಿಹಿಯಾದ, ತಣ್ಣನೆಯ ಪರಿಮಳ ಹರಡಿತು.

"ಖಲ್ಫಾನ್, ನೀವು ದೂರಿದ ಮಾಲು ಇದೇನಾ?"

ಖಲ್ಫಾನ್ ಮೂಸಿ ಮುಖ ಗಂಟಿಕ್ಕಿದ. "ಅಲ್ಲ. ಇದು ಅಪ್ಪಟ ಅಗರು. ನಮಗೆ ಬಂದದ್ದು ಸುಟ್ರೆ ಎಣ್ಣೆ ಕಮಟು ಹೊಡೀತಿತ್ತು."

"ಅಜ್ಲಿನ್, ಬೆಳಿಗ್ಗೆ ಯಾರಾದ್ರೂ ಜಾಡಿ ವಿಷಯ ಎತ್ತಿದ್ರಾ?"

"ರಿಫ್ಕಿ ಒಬ್ಬನೇ, ಮೇಡಂ. 'ಅಕ್ಕಾ, ಜಡ್ಜ್ ಇವತ್ತೇ ಮೂಸಿ ನೋಡ್ತಾರಾ' ಅಂದ. ನಂಗೇನಪ್ಪಾ ಗೊತ್ತು ಅಂದೆ."

ಮೇಡಂ ಎಲ್ಲರನ್ನೂ ಕೂರಿಸಿದರು.

"ಇವತ್ತು ಯಾರೂ ಮೂಸಿ ನೋಡೋದಿಲ್ಲ. ಇವತ್ತಿನ ಪ್ರಶ್ನೆ ಒಂದೇ: ಈ ದಾವೆ ಕೇಳೋ ಅಧಿಕಾರ ಈ ನ್ಯಾಯಾಲಯಕ್ಕೆ ಇದೆಯಾ? ಬೇರೆ ಬೇರೆ ದೇಶದ ವ್ಯಾಪಾರಿಗಳು ಒಪ್ಪಿ ಬಂದ್ರೆ ಮಾತ್ರ ಇಲ್ಲಿ ವಿಚಾರಣೆ. ಕರಾರಿನಲ್ಲಿ ಒಪ್ಪಿದ್ದಾರೆ ಅಂತಾರೆ ಖಲ್ಫಾನ್. ಒಪ್ಪೇ ಇಲ್ಲ ಅಂತಾರೆ ಹಾಜಿ. ವಾದ ಹೂಡಿದ ಈ ಇಬ್ಬರಿಗೂ ಇದು ಗೊತ್ತು. ಹಾಜಿ ಗೆದ್ರೆ ಜಾಡಿ ತೆರೆಯದೆ ವಾಪಸ್ ಹೋಗ್ತಿತ್ತು, ಅವರು ಯಾಕೆ ಮುಟ್ತಾರೆ? ಖಲ್ಫಾನ್ ಒಳ್ಳೆ ಮಾಲು ಇಟ್ಟು ತಮ್ಮ ದಾವೆಗೆ ತಾವೇ ಮಣ್ಣು ಹಾಕ್ಕೊಳ್ತಾರಾ? ಇವತ್ತೇ ಅವಸರ ಬಿದ್ದದ್ದು ಇವತ್ತೇನು ನಡೀತದೆ ಅಂತ ಗೊತ್ತಿಲ್ಲದವನಿಗೆ. ತೆಗೆದ ಚಕ್ಕೆ ಎಸೆಯೋಕೂ ಅವನಿಗೆ ಹೊತ್ತು ಸಿಕ್ಕಿಲ್ಲ. ರಿಫ್ಕಿ, ಜೇಬು ತೋರಿಸಪ್ಪಾ."

ರಿಫ್ಕಿ ಗೊಳೋ ಎಂದು ಅತ್ತ. ಜೇಬಿನಿಂದ ಜಿಡ್ಡು ಚಕ್ಕೆಗಳು ಮೇಜಿನ ಮೇಲೆ ಬಿದ್ದವು.

"ಮಾವಾ, ಎಣ್ಣೆ ತುಂಬಿಸಿದ್ದು ನಾನೇ. ನಿಮಗೆ ಗೊತ್ತಿರಲಿಲ್ಲ. ನಿಮ್ಮ ಹೆಸರು ಕೆಡಬಾರ್ದು ಅಂತ ಊರಿಂದ ಒಳ್ಳೆ ಚಕ್ಕೆ ತಂದು ಬದಲಾಯಿಸಿದೆ. ಮುದ್ರೆ ಮತ್ತೆ ಅಂಟಿಸೋಣ ಅಂದ್ಕೊಂಡೆ, ಹರಿದೋಯ್ತು."

ಹಾಜಿ ಒಂದು ಚಕ್ಕೆ ಎತ್ತಿ ಮೂಸಿ ಕೆಳಗಿಟ್ಟರು. ಅವರ ಮುಖ ಕಪ್ಪಿಟ್ಟಿತು. "ನಮ್ಮಪ್ಪನ ಕಾಲದಿಂದ ನಮ್ಮ ಮಾಲನ್ನ ಯಾರೂ ಸುಟ್ಟು ನೋಡಿ ಕೊಂಡವರಿಲ್ಲ ಕಣೋ, ನಂಬಿಯೇ ಕೊಂಡ್ರು," ಎಂದರು. ಖಲ್ಫಾನನ ಕಡೆ ತಿರುಗಲೂ ಅವರಿಂದಾಗಲಿಲ್ಲ.

ಅಜ್ಲಿನ್‌ಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. "ಬೀಗ ಹಾಕದೆ ಹೋದವಳು ನಾನು, ಹಾಜಿಯವರೇ. ಅದನ್ನ ಮುಚ್ಕೊಳ್ಳೋಕೆ ನಿಮ್ಮ ಮೇಲೆ ಹೊರಿಸಿಬಿಟ್ಟೆ. ಕ್ಷಮಿಸಿ."

"ಇರಲಿ ಬಿಡು ಮಗಳೇ," ಎಂದರು ಅವರು, ನೆಲ ನೋಡುತ್ತಲೇ. ಆ ಮೆತ್ತಗಿನ ಮಾತಿಗೆ ಅವಳ ನಾಚಿಕೆ ಇಮ್ಮಡಿಯಾಯಿತು.

ಒಳಗಿನಿಂದ ಕರೆ ಬಂತು.

"ಮೇಡಂ, ಈ ನ್ಯಾಯಾಲಯಕ್ಕೆ ಅಧಿಕಾರ ಇಲ್ಲ ಅನ್ನೋ ನನ್ನ ತಕರಾರು ವಾಪಸ್ ತಗೋತೀನಿ," ಎಂದರು ಹಾಜಿ.

"ಯೋಚನೆ ಮಾಡಿ. ಇವತ್ತಿನ ವಾದ ನೀವು ಗೆಲ್ಲಬಹುದು. ನೀವಾಗಿ ಒಪ್ಪದೆ ಇಲ್ಲಿ ಯಾರೂ ನಿಮ್ಮ ಕೂದಲು ಕೊಂಕಿಸೋಕಾಗಲ್ಲ. ಒಪ್ಪಿದ್ರೆ ದಾವೆ ಸೋಲ್ತೀರಿ."

"ಒಪ್ಪಿದೀನಿ," ಎಂದು ಹಾಜಿ ರಿಫ್ಕಿಯ ಕೈ ಹಿಡಿದೆಬ್ಬಿಸಿದರು. "ನಡಿಯೋ. ನನ್ನ ಪಕ್ಕದಲ್ಲೇ ನಿಂತ್ಕೋ."

ಅಜ್ಲಿನ್ ತಲೆ ತಗ್ಗಿಸಿಕೊಂಡೇ ಅವರಿಗೆ ಬಾಗಿಲು ತೆರೆದಳು.