ಇದ್ದಿಲಿನ ಮೇಲಿನ ಗಡಿಕಲ್ಲು

ಬೆಳಗ್ಗೆ ಏಳೂವರೆಗೆ ಠಾಣೆಗೆ ಬಂದವನ ಕಾಲು ಮೊಣಕಾಲವರೆಗೂ ಮಣ್ಣಾಗಿತ್ತು.

"ನಮ್ಮಣ್ಣನ್ನ ಕೊಂದ್ಬಿಟ್ಟ ಸಾರ್. ಪಕ್ಕದ ಹೊಲದವನೇ," ಎಂದು ಬೆಂಚಿನ ಮೇಲೆ ಕುಸಿದ.

ಮುಖ್ಯಪೇದೆ ದೂರು ಬರೆದುಕೊಂಡು ಎಫ್‌ಐಆರ್ ಹಾಕಿದರು. ಹಿನ್ನೆಲೆ ಎಲ್ಲರಿಗೂ ಗೊತ್ತಿದ್ದದ್ದೇ. ದೊಡ್ಡ ಜಮೀನುದಾರನ ನೆಲವನ್ನು ಸರಕಾರ ಉಳುವವರಿಗೆ ಹಂಚಿದಾಗ ಈ ಅಣ್ಣನಿಗೂ ಪಕ್ಕದವನಿಗೂ ಅಕ್ಕಪಕ್ಕದ ತುಂಡು ಬಂದಿತ್ತು. ಜೀವಮಾನವೆಲ್ಲ ಜೊತೆಗೆ ಕೂಲಿ ಮಾಡಿ ಒಂದೇ ಬುತ್ತಿ ಉಂಡ ಎರಡು ಮನೆಗಳು, ನೆಲ ಕೈಗೆ ಬಂದದ್ದೇ ತಡ, ಎಣ್ಣೆ ಸೀಗೆಕಾಯಿ ಆದವು. ಗಡಿಕಲ್ಲು ಒಂದು ದಿನ ಆಚೆ, ಇನ್ನೊಂದು ದಿನ ಈಚೆ. ಪಕ್ಕದವನನ್ನು ಕರೆತಂದು ಕೂರಿಸಿದರು. ಅವನು ತುಟಿ ಪಿಟಿಕ್ಕೆನ್ನಲಿಲ್ಲ. ಮಧ್ಯಾಹ್ನದೊಳಗೆ ಕೇಸು ಮುಗೀತು ಅಂದುಕೊಂಡೇ ಇನ್‌ಸ್ಪೆಕ್ಟರ್ ಜೀಪು ಹತ್ತಿದ್ದು.

ಹೊಲದ ಗಡಿಯಲ್ಲಿ ಅಣ್ಣನ ಹೆಣ, ಹಿಂದಲೆಗೆ ಒಂದೇ ಪೆಟ್ಟು. ತಲೆತುಂಬ ಹೊದ್ದ ಕಂಬಳಿ, ಕೈ ಹತ್ತಿರ ಹಾರೆ. ಪಕ್ಕದವನ ಹೊಲದೊಳಗೆ ಆಗಷ್ಟೇ ಕಲ್ಲು ಕಿತ್ತ ಗುಂಡಿ. ಅಲ್ಲಿಂದ ಕಲ್ಲು ಉರುಳಿಸಿ ತಂದ ಗುರುತು. ಹೆಣದ ಪಕ್ಕ ಇನ್ನೊಂದು ಗುಂಡಿ, ಅದರ ಅಂಚಿನಲ್ಲಿ ಕಲ್ಲು.

ಪಂಚನಾಮೆಗೆ ಬಂದ ಸರ್ವೇಯರ್ ಆ ಗುಂಡಿಗೇ ಕೈ ತೋರಿಸಿದ.

"ಇನ್ನೊಂದು ಗೇಣು ಅಗೆಸಿ ಸಾರ್. ಕಲ್ಲು ನೆಡೋ ಮೊದಲು ತಳಕ್ಕೆ ಇದ್ದಿಲು ಸುರೀತೀವಿ. ಯಾರಾದ್ರೂ ಕಲ್ಲು ಸರಿಸಿದ್ರೂ ಇದ್ದಿಲು ಸರಿಯಲ್ಲ."

ಪೇದೆ ಅಗೆದ. ಕಪ್ಪಗೆ ಇದ್ದಿಲು ಎದ್ದಿತು.

"ಇದು ಯಾರಿಗೆ ಗೊತ್ತಿತ್ತು?"

"ಅವತ್ತು ಬುಟ್ಟಿ ಹಿಡಿದಿದ್ದವರಿಗೆ. ಹಿಡಿದಿದ್ದು ಈ ಸತ್ತವರೇ."

ಇನ್‌ಸ್ಪೆಕ್ಟರ್ ದೂರು ಕೊಟ್ಟ ತಮ್ಮನ ಕಡೆ ತಿರುಗಿದರು.

"ಪಕ್ಕದವನ ನೆಲ ಅವನಿಗೇ ಬಿಟ್ಟುಕೊಡ್ತಿದ್ದ ನಿಮ್ಮಣ್ಣ. ಅಂಥವನನ್ನ ಅವನ್ಯಾಕೆ ಹೊಡೀತಾನೆ? ಕಲ್ಲು ಆಚೆ ಇಟ್ಟಿದ್ದು ಯಾರು?"

ತಮ್ಮ ಇದ್ದಿಲನ್ನೇ ನೋಡುತ್ತಿದ್ದ.

"ನಾನು. ಇಟ್ಟಷ್ಟು ಸಲವೂ ವಾಪಸ್ ಬರ್ತಿತ್ತು. ಪಕ್ಕದವನೇ ಕೀಳ್ತಾನೆ ಅಂತ ನಸುಕಿನಲ್ಲಿ ಕಾದೆ. ಮಂಜಿತ್ತು ಸಾರ್. ಗುದ್ದಲಿ ಕಾವು ಬೀಸ್ದೆ. ಮಗುಚಿ ನೋಡಿದ್ರೆ ಅಣ್ಣ. ಅಣ್ಣ ಯಾಕೆ ಕಲ್ಲು ಕೀಳ್ತಿದ್ದ ಅಂತ ಈಗ ಗೊತ್ತಾಯ್ತು."

"ಪಕ್ಕದವನ ಮೇಲೆ ಯಾಕೆ ಹಾಕ್ದೆ?"

"ಅವನಿಲ್ಲದಿದ್ರೆ ಅಣ್ಣ ಸಾಯ್ತಿರ್ಲಿಲ್ಲ ಅನ್ನಿಸ್ತು."

ಬೇಲಿಯೊಳಗೆ ಬಿಸಾಕಿದ್ದ ಗುದ್ದಲಿ ಕಾವನ್ನು ಅವನೇ ತೋರಿಸಿದ. ಬಂಧನವಾಯಿತು. ಹೇಳಿಕೆಯಲ್ಲಿ ಬರೆಸಿದ್ದು ಇಷ್ಟು: ಅಪ್ಪ ಸತ್ತ ಮೇಲೆ ಅಣ್ಣ ಕಂಡವರ ಹೊಲ ಗೇಯ್ದು ತನ್ನನ್ನು ಸಾಕಿದ. ಕೊನೆಗೆ ಅವನ ಪಾಲಿಗೆ ಬಂದದ್ದು ಬರೀ ಕಲ್ಲುನೆಲ. ಪಕ್ಕದ ಒಳ್ಳೆ ಮಣ್ಣು ಒಂದು ಪಟ್ಟಿಯಷ್ಟಾದರೂ ಅವನಿಗೆ ಸಿಗಲಿ ಎಂದು ಕಲ್ಲು ಸರಿಸಿದ್ದು, ಅವನಿಗೆ ಹೇಳದೆ. ಬರೆದುಕೊಳ್ಳುತ್ತಿದ್ದ ಮುಖ್ಯಪೇದೆ ಎರಡು ಸಲ ಪೆನ್ನು ಕೆಳಗಿಟ್ಟರು.

ಪಕ್ಕದವನನ್ನು ಬಿಡುವಾಗ ಇನ್‌ಸ್ಪೆಕ್ಟರ್ ಕೇಳಿದರು, "ನಿನಗೆ ಏನೂ ಗೊತ್ತಿರ್ಲಿಲ್ವಾ?"

"ನಾನು ಕಲ್ಲಿನ ವಿಷ್ಯ ಠಾಣೆಗೆ ಹೋಗ್ತೀನಿ ಅಂದಿದ್ದೆ. ನಿನ್ನೆ ಅವನು ಮನೆಗೆ ಬಂದು ಕೈ ಹಿಡ್ಕೊಂಡ. 'ತಮ್ಮ ಚಿಕ್ಕವನು, ಜೈಲಿಗೆ ಹಾಕಿಸ್ಬೇಡ, ಬೆಳಗಾಗೋದ್ರೊಳಗೆ ನಾನೇ ಸರಿ ಮಾಡ್ತೀನಿ' ಅಂದ."

"ಇದನ್ನ ಬೆಳಗ್ಗೆನೇ ಬಾಯಿಬಿಡೋಕೆ ಏನಾಗಿತ್ತು? ಕೊಲೆ ನಿನ್ನ ತಲೆ ಮೇಲೆ ಬರ್ತಿತ್ತು."

"ಅವನ ತಮ್ಮನ ಹೆಸರು ಪೊಲೀಸರ ಮುಂದೆ ಎತ್ತಲ್ಲ ಅಂತ ಮಾತು ಕೊಟ್ಟಿದ್ದೆ ಸಾರ್," ಎಂದ ಪಕ್ಕದವನು.