ಎರಡನೇ ಬಾಯಿ

ಮೇಕಪ್ ರೂಮಿನ ಬಾಗಿಲಿಗೆ ಚಿಲಕ ಬಿತ್ತು.

ಒಳಗೆ ನಾವು ಮೂವರು. ಕುರ್ಚಿಯಲ್ಲಿ ನಾನು. ಬಾಗಿಲಿಗೆ ಒರಗಿ ಗೂಳಿಯಂಥ ಒಬ್ಬ ಬಾಡಿಗಾರ್ಡ್. ಎದುರಿಗೆ ಮೇಯರ್ ಸಾಹೇಬರ ಪ್ರಚಾರದ ಮುಖ್ಯಸ್ಥ. ಕೈಗೆ ದಪ್ಪ ಬೆಳ್ಳಿ ಕಡಗ ಹಾಕುತ್ತಾನೆ. ಊರೆಲ್ಲ ಅವನನ್ನು ಕಡಗ ಎಂದೇ ಕರೆಯುತ್ತದೆ.

"ಡಿಬೇಟ್ ಮುಗಿಯೋವರೆಗೂ ಇಲ್ಲೇ ಕೂತಿರಿ ಮೇಡಂ," ಎಂದ. "ಎಸಿ ಇದೆ, ಕನ್ನಡಿ ಇದೆ. ಇನ್ನೇನು ಬೇಕು?"

ನಾನು ಹೆದರಲಿಲ್ಲ ಎಂದರೆ ನಾನೂ ಸುಳ್ಳು ಹೇಳಿದಂತಾಗುತ್ತದೆ... ಹೆದರಿದ್ದೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಕೇಳಿ. ಟೀವಿಯಲ್ಲಿ ಅಭ್ಯರ್ಥಿಗಳು ವಾದ ಮಾಡುವಾಗ, ಹೇಳಿದ್ದು ಸುಳ್ಳಾದರೆ ತೆರೆಯ ಕೆಳಗೆ ಕೆಂಪು ಪಟ್ಟಿ ಬರುತ್ತದಲ್ಲ? ಅದರ ಬಟನ್ ಒತ್ತುವವಳು ನಾನು. ಮೊದಲು ಇನ್ಶೂರೆನ್ಸ್ ಕಂಪನಿಗೆ ಕಳ್ಳ ಕ್ಲೇಮು ಹಿಡಿದುಕೊಡುತ್ತಿದ್ದೆ. ಅಲ್ಲಿ ಜನ ಸುಡದ ಅಂಗಡಿಯ ಬಗ್ಗೆ ಸುಳ್ಳು ಹೇಳುತ್ತಿದ್ದರು. ಇಲ್ಲಿ ಕಟ್ಟದ ಸೇತುವೆಯ ಬಗ್ಗೆ ಹೇಳುತ್ತಾರೆ.

ಬ್ರೇಕಿಗೆ ಮುಂಚೆ ಮೇಯರ್ ಎದೆ ಸೆಟೆಸಿ ಹೇಳಿದ್ದರು: "ಹೊಳೆ ಸೇತುವೆ ಪೂರ್ತಿಯಾಗಿದೆ. ಸೋಮವಾರದಿಂದ ದೋಣಿ ಬಂದ್."

ಹೊಳೆಯಾಚೆ ನನ್ನ ಅತ್ತೆ ಇದ್ದಾರೆ. ದಿನಾ ದೋಣಿ ಹತ್ತಿ ಈಚೆ ಬಂದು ಹೊಲಿಗೆ ಕ್ಲಾಸು ನಡೆಸುತ್ತಾರೆ. ದೋಣಿ ನಿಂತರೆ ಅತ್ತೆಯ ಕ್ಲಾಸೂ ನಿಂತಿತು, ಆ ದಡದ ಮಕ್ಕಳ ಸ್ಕೂಲೂ ನಿಂತಿತು. ತಕ್ಷಣ ಫೋನ್ ಮಾಡಿದೆ.

"ಸೇತುವೇನಾ? ನಡುವೆ ಆಕಾಶ ಕಾಣ್ತಿದೆ ಕಣೇ. ನಾನೇನು ಹಾರ್ಕೊಂಡು ಬರ್ಲಾ?"

ಆದರೆ ನಮ್ಮ ಡೆಸ್ಕಿನ ಚೀಫ್ ಇದ್ದಾಳಲ್ಲ, ನಾವೆಲ್ಲ ಹೆಡ್‌ಮಿಸ್ ಎನ್ನುವವಳು, ಬಲು ಕಟ್ಟುನಿಟ್ಟು. ಪಟ್ಟಿ ಹಾಕಬೇಕಾದರೆ ಎರಡು ಬಾಯಿ ಹೇಳಬೇಕು. ತಾವು ಯಾರ ಜೊತೆ ಮಾತಾಡುತ್ತಿದ್ದೇವೆಂದು ಹೇಳುವವರಿಗೆ ಗೊತ್ತಿರಬೇಕು. ಹೆಡ್‌ಸೆಟ್ಟಿನಲ್ಲಿ ಅವಳೂ ಕೇಳಿಸಿಕೊಳ್ಳಬೇಕು. ನೆಂಟರ ಬಾಯಿ ಲೆಕ್ಕಕ್ಕಿಲ್ಲ.

ಅತ್ತೆ ಗೊಣಗುತ್ತಲೇ ಫೋನನ್ನು, ದೋಣಿಕಟ್ಟೆಯ ಟೀವಿ ಮುಂದೆ ಜೊತೆಗೇ ಕೂತಿದ್ದ ದೋಣಿಯವರಿಗೆ ಕೊಟ್ಟರು. ಅವರೂ ಅದನ್ನೇ ಹೇಳಿದರು. ಒಂದು ಬಾಯಿ ಆಯಿತು. ಎರಡನೆಯದಕ್ಕೆ ಮೇಯರ್ ಕಡೆಯವರನ್ನೇ ಕೇಳೋಣವೆಂದು ಹೊರಟೆ. "ಒಳಗೆ ಬನ್ನಿ, ಮಾತಾಡೋಣ," ಎಂದ ಕಡಗ. ಮಿಕ್ಕಿದ್ದು ನಿಮಗೆ ಗೊತ್ತು.

ಗೋಡೆಯ ಟೀವಿಯಲ್ಲಿ ಜಾಹೀರಾತು ಮುಗಿಯುತ್ತಿತ್ತು. ಡಿಬೇಟ್ ಮುಗಿದ ಮೇಲೆ ಪಟ್ಟಿ ಹಾಕುವುದೆಂದರೆ ಊಟ ಮುಗಿದ ಮೇಲೆ ಉಪ್ಪು ಬಡಿಸಿದಂತೆ.

"ನಾನು ಫ್ಯಾಕ್ಟ್‌ಚೆಕ್ ಡೆಸ್ಕಿನವಳು," ಎಂದೆ, ಎಲ್ಲರಿಗೂ ಹೇಳುವ ಹಾಗೆ. "ಹೆಡ್‌ಸೆಟ್ ಆನ್ ಇದೆ. ನೀವು ಹೇಳಿದ್ದನ್ನ ಟೀವಿಲಿ ಹಾಕ್ತೀವಿ."

"ಹಾಕ್ಕೊಳ್ಳಿ. ನಾನು ಬಾಯಿ ಬಿಟ್ರೆ ತಾನೇ?"

ಕಾಲು ಓಡುವಂತಿರಲಿಲ್ಲ. ತಲೆ ಮಾತ್ರ ಓಡುತ್ತಿತ್ತು.

ಕಡಗನ ಹೊಟ್ಟೆಪಾಡು ಏನು? ಮೇಯರ್ ಬಗ್ಗೆ ಯಾರೇ ತಪ್ಪು ಹೇಳಿದರೂ ನಡುವೆ ಬಾಯಿ ಹಾಕಿ ತಿದ್ದುವುದು. ನಿದ್ದೆಯಿಂದ ಎಬ್ಬಿಸಿದರೂ ತಿದ್ದುತ್ತಾನೆ.

"ಹೋಗ್ಲಿ ಬಿಡಿ," ಎಂದೆ. "ಆ ಸೇತುವೆಗೆ ಒಂದು ಕಂಬಾನೂ ಎದ್ದಿಲ್ವಂತೆ. ಇನ್ನೂ ಹತ್ತು ವರ್ಷ ಬೇಕಂತೆ."

"ಯಾರ್ರೀ ಹೇಳಿದ್ದು?"

"ಎಲ್ಲರೂ ಹೇಳ್ತಾರೆ."

"ಶುದ್ಧ ಸುಳ್ಳು. ಕಂಬ ಎಲ್ಲಾ ಎದ್ದಿವೆ. ನಡುವಿನ ತುಂಡೊಂದೇ ಬಾಕಿ. ಹತ್ತು ವರ್ಷ ಅಂತೆ... ಮುಂದಿನ ಬೇಸಿಗೆಗೆ ಮುಗ್ಸಿ ತೋರಿಸ್ತೀವಿ."

ಕಿವಿಯಲ್ಲಿ ಹೆಡ್‌ಮಿಸ್ ಹೇಳಿದಳು: "ಎರಡನೇ ಬಾಯಿ ಬಂತು. ಓಡಿ ಬಾ. ಪ್ರಶ್ನೆ ಕೇಳಿದವಳೇ ಬಟನ್ ಒತ್ತಬೇಕು."

ಇದೂ ಅವಳದೇ ರೂಲು. ಎಂಥ ಹೊತ್ತಿನಲ್ಲಿ ನೆನಪಾಯಿತೋ ಪುಣ್ಯಾತ್ಗಿತ್ತಿಗೆ!

ಕಡಗನ ಮುಖ ಇಂಗು ತಿಂದ ಮಂಗನಂತಾಯಿತು. ನನ್ನ ಹೆಡ್‌ಸೆಟ್ ಕಿತ್ತುಕೊಂಡ. "ಹಿಡಿಯೋ ಅವಳನ್ನ."

ಗೂಳಿ ಬಾಗಿಲು ಬಿಟ್ಟು ಮುಂದೆ ಬಂದ. ಅದೇ ಅವನು ಮಾಡಿದ ತಪ್ಪು. ಮೇಜಿನ ಮೇಲೆ ದೊಡ್ಡದೊಂದು ಪೌಡರ್ ಡಬ್ಬಿ ಇತ್ತು, ಅಭ್ಯರ್ಥಿಗಳ ಹೊಳೆಯುವ ಬೋಳುತಲೆಗೆಂದು ತರಿಸಿದ್ದು. ಅಷ್ಟನ್ನೂ ಅವನ ಮುಖಕ್ಕೆ ಎರಚಿದೆ. ಚಿಲಕ ತೆಗೆದೆ. ಓಡಿದೆ.

ಕಾರಿಡಾರ್ ತುಂಬ ಕೇಬಲ್ಲುಗಳು. ನಾನು ಅವನ್ನು ದಿನಾ ದಾಟುವವಳು. ಗೂಳಿಗೆ ಆ ಅಭ್ಯಾಸ ಇರಲಿಲ್ಲ. ಹಿಂದೆ ಧೊಪ್ಪೆಂದು ಸದ್ದಾಯಿತು... ಅದರ ಮೇಲೆ ಇನ್ನೊಂದು ಸದ್ದು. ಕಡಗನೂ ಬಿದ್ದಿದ್ದ. ವಾರ್ತೆ ಓದುವ ಸೆಟ್ಟಿನ ಹಲಗೆಗಳ ಹಿಂದೆ ನುಸುಳಿ, ಮೆಟ್ಟಿಲು ಹಾರಿ, ಏದುಸಿರು ಬಿಡುತ್ತ ಡೆಸ್ಕಿನ ಮೇಲೆ ಬಿದ್ದೆ.

ತೆರೆಯ ಮೇಲೆ ನಿರೂಪಕಿ "ಮೇಯರ್ ಸಾಹೇಬ್ರೇ, ನಿಮ್ಮ ಕೊನೇ ಮಾತು," ಎನ್ನುತ್ತಿದ್ದಳು.

ಒತ್ತಿದೆ.

ಕೆಂಪು ಪಟ್ಟಿ ಬಂತು. 'ಸೇತುವೆ ಪೂರ್ತಿಯಾಗಿದೆ: ಸುಳ್ಳು. ನಡುವಿನ ಭಾಗ ಬಾಕಿ. ಹೇಳಿದವರು: ದೋಣಿ ನಡೆಸುವವರು, ಮೇಯರ್ ಪ್ರಚಾರದ ಮುಖ್ಯಸ್ಥರು.'

ಮೇಯರ್ ಎದುರಿನ ಮಾನಿಟರ್ ಓದಿದರು. ನೀರು ಕುಡಿದರು. ಮತ್ತೊಮ್ಮೆ ಓದಿದರು.

"ಹಾಗಾದ್ರೆ ದೋಣಿ?" ನಿರೂಪಕಿ ಕೇಳಿದಳು.

"ದೋಣಿ... ನಿಲ್ಸಲ್ಲ. ಸೇತುವೆ ಮುಗಿಯೋವರೆಗೂ ನಿಲ್ಸಲ್ಲ."

ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಕಣ್ಣಲ್ಲಿ ನೀರೂ ಬಂತು. ಅರ್ಧ ಪೌಡರಿನಿಂದ, ಅರ್ಧ ಅತ್ತೆಗಾಗಿ. ಹೆಡ್‌ಮಿಸ್ ತನ್ನ ಟೀ ಕಪ್ಪನ್ನು ನನ್ನ ಕಡೆ ಸರಿಸಿದಳು.

ಒಂದು ಗುಟುಕು ಕುಡಿದಿರಬೇಕು. ಮೇಯರ್ ಎದುರಾಳಿ ಡಾಕ್ಟರಮ್ಮ ಮೈಕಿಗೆ ಬಾಗಿದರು. "ನೋಡಿದ್ರಾ ಇವರ ಯೋಗ್ಯತೆ? ನಾನಂತೂ ದಿನಾ ಅದೇ ದೋಣೀಲಿ ಓಡಾಡೋಳು. ನನಗೆ ಜನರ ಕಷ್ಟ ಗೊತ್ತು."

ಡೆಸ್ಕಿನ ಫೋನ್ ಹೊಡೆದುಕೊಂಡಿತು.

"ಆ ಡಾಕ್ಟರಮ್ಮನ್ನ ದೋಣೀಲಿ ನಾನು ಒಂದಿನಾನೂ ಕಂಡಿಲ್ಲ ಕಣೇ," ಎಂದರು ಅತ್ತೆ.

"ದೋಣಿಯವರಿಗೆ ಫೋನ್ ಕೊಡಿ, ಅತ್ತೆ."

ಅಷ್ಟರಲ್ಲಿ ಬಾಗಿಲು ಸರಿಯಿತು. ಕಡಗ. ಮೈಯೆಲ್ಲ ಪೌಡರು, ಒಂದು ಕಾಲು ಕುಂಟು, ಮುಖದಲ್ಲಿ ಈಗಷ್ಟೇ ಹುಟ್ಟಿದ ನಗು.

"ಮೇಡಂ," ಎಂದ ಮೆಲ್ಲಗೆ. "ಎರಡನೇ ಬಾಯಿ ಬೇಕಾ?"

"ನಿಮ್ಮ ಬಾಯಿ ಇವತ್ತಿಗೆ ಸಾಕು," ಎಂದೆ. "ಬಾಗಿಲು ಹಾಕ್ಕೊಂಡು ಹೋಗಿ. ಚಿಲಕ ಬೇಡ."