ಸವೆತವಾಣಿ

ಧಾರವಾಡದ ಮಾರುಕಟ್ಟೆಯ ಮುಂದೆ ಕೆಂಪು ದೀಪಕ್ಕೆ ನಿಂತಿದ್ದ ಮೂರು ಚಕ್ರದ ಮೋಟಾರ್ ಸೈಕಲ್ಲು ಊರಿಗೆಲ್ಲ ಕೇಳುವಂತೆ ಸಾರಿತು: "ನನ್ನ ಬೆಲ್ಟ್ ಸವೆದಿದೆ. ನನ್ನ ಮಾಲೀಕರು ಬದಲಿಸಿಲ್ಲ." ಸವಾರ ಫಕೀರೇಶ ಬಡಿಗೇರ ತಲೆ ತಗ್ಗಿಸಿದ. ಹಿಂದೆ ಕುಳಿತಿದ್ದ ಮಗಳು ಶಾಲ್ಮಲಾ ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡಳು. ಪಕ್ಕದ ಬಸ್ಸಿನಲ್ಲಿ ಯಾರೋ ನಕ್ಕರು.

ಗಾಡಿಯೊಳಗಿಂದ ಹಾಗೆ ಸಾರಿದ ಪುಟ್ಟ ಯಂತ್ರದ ಹೆಸರು ಸವೆತವಾಣಿ. ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಬೆಲ್ಟು ತಿರುಗುವಾಗ ಸಣ್ಣದೊಂದು ನಾದ ಹೊರಡುತ್ತದೆ. ಸವೆದಷ್ಟೂ ಆ ನಾದ ದಪ್ಪಗಾಗುತ್ತದೆ. ಅದನ್ನು ಆಲಿಸಿ, ನಡುದಾರಿಯಲ್ಲಿ ಬೆಲ್ಟು ಹರಿಯುವ ಮೊದಲೇ ಎಚ್ಚರಿಸುವುದು ಅದರ ಕೆಲಸ. ಮೊದಮೊದಲು ಅದು ಸವಾರನ ಕಿವಿಗಷ್ಟೇ ಹೇಳುತ್ತಿತ್ತು, ಯಾರೂ ಸೊಪ್ಪು ಹಾಕಲಿಲ್ಲ. ಬೀದಿಯಲ್ಲಿ ಮಾನ ಹೋದರೆ ಮಾತ್ರ ನಮ್ಮ ಜನ ಕೇಳುತ್ತಾರೆಂದು ಅದನ್ನು ಕಂಡುಹಿಡಿದ ವಿಜ್ಞಾನಿ ಮೃಣಾಲಿನಿ ಪಾವಟೆ ವಾದಿಸಿ ಗೆದ್ದಿದ್ದರು. ಅಪಘಾತಗಳು ಇಳಿದವು. ಅವರು ಬೀಗಿದ್ದೂ ಸಹಜವೇ.

ಒಂದು ದಿನ ಫಕೀರೇಶ ಮೃಣಾಲಿನಿಯವರ ಪ್ರಯೋಗಾಲಯಕ್ಕೆ ಬಂದು ಬಾಗಿಲಲ್ಲೇ ಕೈ ಮುಗಿದ.

"ತಪ್ಪು ನನ್ನದ ಇರಬೇಕ್ರಿ, ಮೇಡಂ. ಮೂರು ಸಲ ಹೊಸಾ ಬೆಲ್ಟ್ ಹಾಕ್ಸೀನ್ರಿ. ಆದ್ರೂ ಒದರತೈತಿ."

ಅಗ್ಗದ ಮಾಲು ಹಾಕಿಸಿರುತ್ತಾನೆ ಎಂದುಕೊಂಡೇ ಮೃಣಾಲಿನಿ ಮರುದಿನ ಅವನ ಮನೆಗೆ ಹೋದರು. ಗಾಡಿಯ ಮುಚ್ಚಳ ಬಿಚ್ಚಿ ನೋಡಿದರೆ ಬೆಲ್ಟು ಹೊಚ್ಚಹೊಸದು, ಒಳ್ಳೆಯದೂ ಹೌದು.

"ಹಂಗಾದ್ರ ಬೆಲ್ಟ್ ಯಾವಾಗ ಬದಲಿಸಬೇಕ್ರಿ?" ಎಂದ ಫಕೀರೇಶ.

"ಬಿರುಕು ಬಿಟ್ಟಾಗ, ಅಂಚು ಎಳೆ ಎಳೆಯಾಗಿ ಬಿಚ್ಚಿದಾಗ. ಇದಕ್ಕೆ ಇನ್ನೂ ಬಹಳ ಆಯುಷ್ಯ ಇದೆ."

ಅವರು ಗಾಡಿ ಓಡಿಸಿ ನೋಡಲು ಹೇಳಿದರು. ಫಕೀರೇಶ ಒಬ್ಬನೇ ಓಡಿಸಿದರೆ ಗಾಡಿ ತೆಪ್ಪಗಿತ್ತು. ಮಗಳನ್ನು ಕೂರಿಸಿಕೊಂಡರೆ ಒದರಿತು. ಮೃಣಾಲಿನಿಗೆ ಆಗ ಹೊಳೆಯಿತು. ಹುಟ್ಟಿನಿಂದ ಬಲಗಾಲಿಗೆ ಶಕ್ತಿಯಿಲ್ಲದ ಅವನ ಗಾಡಿಗೆ ಹಿಂದೆ ಜೋಡಿ ಗಾಲಿ. ಅದರ ಭಾರಕ್ಕೆ ಇನ್ನೊಂದಿಷ್ಟು ಭಾರ ಸೇರಿದರೆ ಹೊಸ ಬೆಲ್ಟೂ ಹಳೆಯದರಂತೆ ದಪ್ಪ ದನಿ ಎತ್ತುತ್ತದೆ. ಸಾವಿರಾರು ಗಾಡಿಗಳನ್ನು ಪರೀಕ್ಷಿಸಿದ್ದರು. ಎಲ್ಲವೂ ಎರಡು ಚಕ್ರದವು. ಇಂಥ ಸವಾರರೂ ಇದ್ದಾರೆಂಬುದು ಅವರ ತಲೆಗೇ ಬಂದಿರಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು.

ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದೆಂದು ಫಕೀರೇಶನ ಹೆಂಡತಿ ನೀಲವ್ವ ಉಪ್ಪಿಟ್ಟು ತಂದಿಟ್ಟಳು. ಶಾಲ್ಮಲಾ ತನ್ನ ತಾಟನ್ನು ಮೆಲ್ಲಗೆ ಆಚೆ ಸರಿಸಿದಳು. ಅವಳ ಮುಂಗೈ ಕಡ್ಡಿಯಾಗಿದ್ದುದು ಮೃಣಾಲಿನಿಯ ಕಣ್ಣಿಗೆ ಬಿತ್ತು.

"ಯಾಕಮ್ಮಾ, ಹಸಿವಿಲ್ಲವೇ?"

"ನಾ ಕೂತ್ರ ಅಷ್ಟ ಗಾಡಿ ಒದರತೈತ್ರಿ. ಎಲ್ಲಾರೂ ಅಪ್ಪಾಗ ನಗತಾರ. ಅದಕ್ಕ ನಾ ಹಗರ ಆಗಾಕತ್ತೀನ್ರಿ."

"ಸಾಲ್ಯಾಗ ಉಂಡ ಬಂದೀನಿ ಅಂತಿದ್ದೆಲ್ಲಾ!" ನೀಲವ್ವ ಸೆರಗು ಬಾಯಿಗೊತ್ತಿಕೊಂಡಳು. ಫಕೀರೇಶ ಗೋಡೆಯ ಕಡೆ ತಿರುಗಿದ.

ಮೃಣಾಲಿನಿ ನೆಲಕ್ಕೆ ಕೂತು ತಾಟನ್ನು ಹುಡುಗಿಯ ಮುಂದಕ್ಕೆ ತಂದರು. ಅವರ ಶುದ್ಧ ಕನ್ನಡ ಎಲ್ಲಿ ಹೋಯಿತೋ! "ನಿನ್ನ ತಪ್ಪಲ್ಲ, ಅಪ್ಪನ ತಪ್ಪೂ ಅಲ್ಲವ್ವಾ. ಗಾಡಿಗೆ ಸುಳ್ಳು ಹೇಳಾಕ ಕಲಿಸಿದಾಕಿ ನಾನು. ತಪ್ಪು ನಂದು."

ಶಾಲ್ಮಲಾ ಅವರನ್ನೇ ದಿಟ್ಟಿಸಿದಳು.

"ಹಂಗಂತ ನೀವು ಬಜಾರದಾಗ ಒದರತೀರೇನ್ರಿ?"